ಚಕ್ರಪಾಣಿಯ ಮೆತ್ತನೆ ಡಾಂಬರು

ಎಲ್ಲಕ್ಕೂ ಕಾರಣ ಒಂದು ಊಟದ ಡಬ್ಬಿ.

ರಸ್ತೆ ಇಲಾಖೆಯ ಪ್ರಯೋಗಾಲಯದಲ್ಲಿ ಆತನ ಕೆಲಸ ಇಷ್ಟೇ: ಡಾಂಬರಿನ ಚಪ್ಪಡಿಯನ್ನು ಗಾಜಿನ ಬಾಗಿಲಿನ ಬಿಸಿ ಪೆಟ್ಟಿಗೆಯಲ್ಲಿಟ್ಟು, ಅರವತ್ತು ಡಿಗ್ರಿ ಶಾಖದಲ್ಲಿ ಅದರ ಮೇಲೆ ಭಾರದ ಚಕ್ರವೊಂದನ್ನು ಹಿಂದೆ ಮುಂದೆ ಓಡಿಸಿ, ಎಷ್ಟು ತಗ್ಗು ಬಿತ್ತೆಂದು ಅಳೆಯುವುದು. ಹೀಗಾಗಿ ಎಲ್ಲರ ಬಾಯಲ್ಲೂ ಆತ ಚಕ್ರಪಾಣಿ. ಆ ದಿನ ಪರೀಕ್ಷೆಗೆ ಬಂದಿದ್ದು ಕಚೇರಿಯ ಅಂಗಳಕ್ಕೇ ಹಾಕಲಿದ್ದ ಡಾಂಬರು. ಸಂಜೆ ಆರಕ್ಕೆ ಮಗಳ ಶಾಲೆಯಲ್ಲಿ ನಾಟಕ. ಹಿಂದಿನ ಎರಡು ನಾಟಕ ತಪ್ಪಿಸಿಕೊಂಡಿದ್ದ ಅಪ್ಪನಿಗೆ, "ಈ ಸಲಾನೂ ಬರ್ದಿದ್ರೆ ನಿನ್ ಜೊತೆ ಟೂ!" ಎಂದು ಮಗಳು ಬೆಳಿಗ್ಗೆಯೇ ಕಟ್ಟಪ್ಪಣೆ ಮಾಡಿದ್ದಳು.

ಚಕ್ರ ಅರ್ಧ ಕೆಲಸ ಮುಗಿಸಿರಬೇಕು, ಹೆಡ್ ಕ್ಲಾರ್ಕ್ ಅಕ್ಕ ಬಂದು ಪೆಟ್ಟಿಗೆಯ ಬಾಗಿಲು ತೆರೆದು ತಮ್ಮ ಡಬ್ಬಿಯನ್ನು ಒಳಗಿಟ್ಟರು.

"ಅಕ್ಕಾ! ಶಾಖ ಎಲ್ಲಾ ಹೊರಗೆ ಹೋಯ್ತು!"

"ಇಷ್ಟು ಬಿಸಿ ಸುಮ್ನೆ ದಂಡ ಆಗ್ತಿತ್ತಲ್ಲಪ್ಪಾ. ತಾಳಿ, ನಿಮ್ಮ ಡಬ್ಬೀನೂ ಇಡ್ತೀನಿ."

ಇಂಥವರ ಮೇಲೆ ಸಿಟ್ಟಾಗುವುದು ಹೇಗೆ? ಚಕ್ರಪಾಣಿ ಬೇರೆ ಚಪ್ಪಡಿ ಇಟ್ಟು ಮೊದಲಿನಿಂದ ಶುರುಮಾಡಿದ. ಈ ಸಲ ನೋಡಿದರೆ ಕೂದಲೆಳೆಯಷ್ಟೂ ತಗ್ಗಿಲ್ಲ! "ಪಾಸ್!" ಎನ್ನುತ್ತ ಅಕ್ಕ ಹೊರಗೋಡಿದರು. ಚಕ್ರಪಾಣಿ ಗಾಜು ಮುಟ್ಟಿ ನೋಡಿದ. ಪೆಟ್ಟಿಗೆ ತಣ್ಣಗಿತ್ತು.

"ನಾನೇ ಸ್ವಿಚ್ ಆರಿಸ್ದೆ," ಎಂದ ವಾಚ್‌ಮನ್ ತಾತ. "ನೀನು ಹಂಗೆ ಬೆವರ್ತಿದ್ದೆ ಮಗಾ, ನೋಡಕ್ಕಾಗ್ಲಿಲ್ಲ."

ಸಹಿ ಹಾಕಿ ಎದ್ದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಸುಳ್ಳು ಬರೆದು ಹೋಗಿ ಮಗಳ ಮುಖ ನೋಡುವುದು ಆತನಿಂದಾಗದ ಮಾತು. ಪಾಪ, ಮೂರನೆಯ ಚಪ್ಪಡಿ ಇಟ್ಟು, ಪೆಟ್ಟಿಗೆಗೆ ಬೆನ್ನು ಕೊಟ್ಟು ಕಾವಲು ಕೂತ. ಐದೂವರೆಯ ಹೊತ್ತಿಗೆ ಚಕ್ರ ಬೆಣ್ಣೆಯಲ್ಲಿ ಬೆರಳಿಟ್ಟಂತೆ ಇಳಿದಿತ್ತು. 'ಫೇಲ್' ಎಂದು ಬರೆದು ಸಾಹೇಬರ ಮೇಜಿನ ಮೇಲಿಟ್ಟು ಹೊರಗೋಡಿದ.

ಅಂಗಳ ಹೊಸ ಡಾಂಬರಿನಿಂದ ಕಪ್ಪಗೆ ಮಿರುಗುತ್ತಿತ್ತು.

"ನೀವು ಬೇಗ ಹೊರಡ್ಲಿ ಅಂತ, ಪಾಸಾಯ್ತು ಹಾಕ್ರೀ ಅಂತ ಗುತ್ತಿಗೆದಾರರಿಗೆ ನಾನೇ ಹೇಳ್ಬಿಟ್ಟೆ," ಎಂದರು ಅಕ್ಕ.

"ನಿಂಗೆ ಲೇಟಾಗ್ಬಾರ್ದು ಅಂತ ಸ್ಕೂಟರ್ನೂ ಗೇಟ್ ಹತ್ರ ತಂದಿಟ್ಟಿದೀನಿ," ಎಂದ ತಾತ.

ಸ್ಕೂಟರಿನ ಸ್ಟ್ಯಾಂಡು ಡಾಂಬರಿನೊಳಗೆ ಪೂರ್ತಿ ಮುಳುಗಿತ್ತು. ಎಳೆಯಲು ಕೈಹಾಕುವಷ್ಟರಲ್ಲಿ ಸಾಹೇಬರು ವರದಿ ಹಿಡಿದು ಓಡಿ ಬಂದರು.

"ಮುಟ್ಬೇಡ್ರೀ! ಗುತ್ತಿಗೆದಾರ ವರದಿ ಒಪ್ದೇ ಇರಬಹುದು, ಕಣ್ಣೆದುರಿನ ಈ ಸಾಕ್ಷೀನ ಒಪ್ಪಲೇಬೇಕು. ಇಲ್ಲೇ ಇದ್ದು, ಇನ್ನೂ ಎಷ್ಟು ಇಳಿಯುತ್ತೆ ಅಳೀತಾ ಇರಿ. ಆ ಕೆಲಸ ಬರೋದು ನಿಮಗೊಬ್ರಿಗೇ."

"ಸಾರ್, ಮಗಳ ನಾಟಕ..."

ಎಲ್ಲರ ಮುಖ ಬಾಡಿತು. ಅಕ್ಕನ ಕಣ್ಣಲ್ಲಿ ನೀರೇ ಬಂತು. "ಅಪ್ಪನ ಕಡೆಯವರು ಯಾರೂ ಬರ್ಲಿಲ್ಲ ಅಂತ ಆ ಮಗೂಗೆ ಅನ್ನಿಸ್ಬಾರ್ದು. ನಡೀರಿ, ನಾವೆಲ್ಲ ಹೋಗೋಣ!"

"ನನ್ನ ಜೀಪಿದೆ," ಎಂದರು ಸಾಹೇಬರು.

ಗೇಟಿನಾಚೆ ನಿಂತಿದ್ದ ಜೀಪು ಕಣ್ಣು ಮಿಟುಕಿಸುವುದರಲ್ಲಿ ಭರ್ತಿಯಾಯಿತು: ಸಾಹೇಬರು, ಅಕ್ಕ, ತಾತ, ಕೊನೆಗೆ ಗುತ್ತಿಗೆದಾರನೂ.

"ನಿಮ್ಮ ಪಾಲಿನ ಚಪ್ಪಾಳೆ ನಾನು ಹೊಡೀತೀನಿ!" ಎಂದು ಅಕ್ಕ ಕೂಗಿದರು. ಚಕ್ರಪಾಣಿ ಸ್ಕೇಲು ಹಿಡಿದು ಸ್ಕೂಟರಿನ ಪಕ್ಕ ಕೂತ.