ಹಲ್ಲಿನ ಡಾಕ್ಟರಮ್ಮನ ಗೋಡೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಅರ್ಧ ಡಬ್ಬ ಹಳದಿ.

ಹಿಂದಿನ ವಾರ ಯಾರದೋ ಮನೆಯ ಅಡುಗೆಕೋಣೆಗೆ ಬಳಿದು ಉಳಿದ ಹಳದಿ ಅದು. ಉಳಿದ ಬಣ್ಣವನ್ನು ಎಸೆಯುವುದೆಂದರೆ ಬಣ್ಣದ ಮೇಸ್ತ್ರಿಗೆ ಹೆತ್ತ ಕೂಸನ್ನು ಸಂತೆಯಲ್ಲಿ ಬಿಟ್ಟು ಬಂದಷ್ಟು ಸಂಕಟ. ಹಲ್ಲಿನ ಡಾಕ್ಟರಮ್ಮನ ಆಸ್ಪತ್ರೆಯಲ್ಲಿ, ರೋಗಿಗಳು ಕಾಯುವ ಕೋಣೆಯ ದೊಡ್ಡ ಗೋಡೆಗೆ ಅವನು ತಿಳಿ ನೀಲಿ ಬಳಿಯಬೇಕಾಗಿತ್ತು. ತಂದ ನೀಲಿ ಮುಕ್ಕಾಲು ಗೋಡೆಗೆ ಮಾತ್ರ ಸಾಲುವಂತಿತ್ತು. ಬಣ್ಣದಂಗಡಿಯವನನ್ನು ಕೇಳಿದರೆ ಆ ನೀಲಿ ಇನ್ನು ಬರುವುದು ನಾಳೆ ಸಂಜೆಗೆ ಎಂದ. ಮೇಸ್ತ್ರಿ ನಾಳೆಯವರೆಗೆ ಕಾಯುವ ಆಸಾಮಿಯಲ್ಲ. ನೀಲಿಯ ಬಕೆಟ್ಟಿಗೆ ಹಳದಿ ಸುರಿದ, ಕೋಲಿನಿಂದ ಕಲಸಿದ, ಇಡೀ ಗೋಡೆಗೆ ಬಳಿದ.

ಹತ್ತೂವರೆಗೆ ಅರ್ಥಪ್ಪ ಬಂದು ನೋಡಿದಾಗ ಗೋಡೆ ಹಸಿರಾಗಿತ್ತು.

ಅರ್ಥಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಅವನು ಕೆಲಸ ಮಾಡುವ ವಿನ್ಯಾಸದ ಆಫೀಸಿನಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ. ಅಲ್ಲಿ ಅವನ ಕೆಲಸ ಬಣ್ಣಗಳಿಗೆ ಅರ್ಥ ಬರೆಯುವುದು. ಯಜಮಾನರು ಒಂದು ಕಟ್ಟಡಕ್ಕೋ ಕುರ್ಚಿಗೋ ಮನಸ್ಸಿಗೆ ಬಂದ ಬಣ್ಣ ಕೊಡುವರು. ಆ ಬಣ್ಣವೇ ಏಕೆ, ಯಾವ ಜನ ಅದನ್ನು ಏನೆಂದು ತಿಳಿಯುತ್ತಾರೆ, ಅದನ್ನು ಕಂಡರೆ ಮನುಷ್ಯನ ಮನಸ್ಸಿಗೆ ಏನಾಗುತ್ತದೆ ಎಂದು ಅರ್ಥಪ್ಪ ಮೂರು ಪುಟ ಬರೆಯುವನು. ಕಾಲೇಜಿನಲ್ಲಿ ಅವನು ಓದಿದ್ದು ಭೌತಶಾಸ್ತ್ರ. ಬಣ್ಣವೆಂದರೆ ಬೆಳಕಿನ ಅಲೆಯ ಉದ್ದ, ಅರ್ಥವೆಂದರೆ ನೋಡುವವನ ಅಭ್ಯಾಸ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅಲೆಯ ಉದ್ದಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ.

ಆ ಆಫೀಸಿನ ಕೆಲಸದ ಕ್ರಮವೂ ವಿಚಿತ್ರ. ಮೊದಲು ಕಂಪ್ಯೂಟರಿನಲ್ಲಿ ಚಿತ್ರ, ಆಮೇಲೆ ಅರ್ಥ, ಆಮೇಲೆ ಪ್ರಶಸ್ತಿಗೆ ಅರ್ಜಿ, ಕೊನೆಗೆ ಸಾಧ್ಯವಾದರೆ ಗೋಡೆ. ಹೀಗೆಯೇ ಡಾಕ್ಟರಮ್ಮನ ನೀಲಿ ಗೋಡೆಯ ಚಿತ್ರವೂ ದೊಡ್ಡದೊಂದು ವಿನ್ಯಾಸ ಪ್ರಶಸ್ತಿಗೆ ಹೋಗಿತ್ತು. ಇದ್ದಕ್ಕಿದ್ದಂತೆ ನಿನ್ನೆ ಕಾಗದ ಬಂತು: 'ನಿಮ್ಮ ಗೋಡೆ ಕೊನೆಯ ಸುತ್ತಿನಲ್ಲಿದೆ. ನಾಳೆ ನಾಲ್ಕು ಗಂಟೆಗೆ ಖುದ್ದಾಗಿ ನೋಡಲು ಬರುತ್ತೇವೆ.'

"ಅರ್ಥಪ್ಪ, ಪ್ರಶಸ್ತಿ ಬಂದ್ರೆ ನಿಮ್ಮ ಕೆಲಸ ಖಾಯಂ" ಎಂದಿದ್ದರು ಯಜಮಾನರು. "ಬರಲಿಲ್ಲ ಅಂದ್ರೆ ನಾಡಿದ್ದಿಂದ ಬರೋ ಶ್ರಮ ತಗೋಬೇಡಿ."

ಅರ್ಥಪ್ಪ ತನ್ನ ಕೆಲಸ ಖಾಯಂ ಆಗಿದೆ ಎಂದು ಅತ್ತೆಗೆ ಮದುವೆಗೆ ಮುಂಚೆಯೇ ಹೇಳಿಬಿಟ್ಟಿದ್ದ. ಮದುವೆಯಾಗಿ ಈಗ ಮೂರು ವರ್ಷ.

"ಏನ್ರೀ ಮೇಸ್ತ್ರಿ ಇದು?"

"ಗೋಡೆ ಸಾರ್."

"ಗೋಡೆ ಅಂತ ನನಗೂ ಗೊತ್ತು. ನೀಲಿ ಎಲ್ಲಿ?"

"ಒಳಗಡೆ ಇದೆ ಸಾರ್. ಮೇಲೆ ಹಳದಿ ಸೇರ್ಕೊಂಡಿದೆ, ಅಷ್ಟೇ." ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದು ತನ್ನ ಕೆಲಸವನ್ನು ಪ್ರೀತಿಯಿಂದ ನೋಡಿದ. "ನೀವಿದೀರಲ್ಲ, ಇದಕ್ಕೂ ಒಂದು ಅರ್ಥ ಬರೀರಿ. ನಿಮಗೇನು ಮಹಾ!"

ಮಾತಿನಲ್ಲಿ ಹುರುಳಿತ್ತು. ಅರ್ಥಪ್ಪ ಬೆಂಚಿನ ಮೇಲೆ ಕುಳಿತು 'ನೀಲಿ: ಆಕಾಶ, ನೀರು, ನಿರಾಳ' ಎಂಬುದನ್ನು ಹೊಡೆದುಹಾಕಿ 'ಹಸಿರು: ಚಿಗುರು, ಉಸಿರು, ಭರವಸೆ' ಎಂದು ಬರೆದ. ಸರಿಯಾಗಿ ಕೇಳಿಸುತ್ತದೆಯೇ ಎಂದು ಮೆಲ್ಲಗೆ ಓದಿಕೊಂಡ.

"ಚಿಗುರಲ್ಲಪ್ಪ, ಪಾಚಿ" ಎಂದಿತು ಪಕ್ಕದಿಂದ ಒಂದು ದನಿ. ಹೊಸ ಹಲ್ಲಿನ ಸೆಟ್ಟಿಗಾಗಿ ಕಾದು ಕುಳಿತಿದ್ದ ಅಜ್ಜಿಯದು. ಅಜ್ಜಿಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಅದರಿಂದ ನಾಲಿಗೆಗೆ ಓಡಾಡಲು ಜಾಗ ಜಾಸ್ತಿಯಾಗಿತ್ತು. "ನಮ್ಮ ನೀರಿನ ತೊಟ್ಟಿ ಒಳಗೆ ಹಿಂಗೇ ಇತ್ತು. ಕಾಲು ಜಾರಿ ಬಿದ್ದೇ ನನ್ನ ಮೊದಲ್ನೇ ಹಲ್ಲು ಹೋಗಿದ್ದು."

"ಹಸಿರು ಅಂದ್ರೆ ಹೊಟ್ಟೆಕಿಚ್ಚು ಅಂತ ಕೆಲವು ಕಡೆ ನಂಬಿಕೆ" ಎಂದರು ಆ ಕಡೆ ಕುಳಿತಿದ್ದ ನಿವೃತ್ತ ಮೇಷ್ಟ್ರು. ಅವರ ಎಡಗೆನ್ನೆ ಬನ್ನಿನಂತೆ ಊದಿತ್ತು. ಒಳಗಿನಿಂದ ಹಲ್ಲು ಕೊರೆಯುವ ಯಂತ್ರದ ಸದ್ದು ಬಂದಾಗಲೆಲ್ಲ ಅವರು ಬಾಗಿಲಿನಿಂದ ಒಂದು ಕುರ್ಚಿ ದೂರಕ್ಕೆ ಸರಿಯುತ್ತಿದ್ದರು. ಬೆಳಗ್ಗೆಯಿಂದ ನಾಲ್ಕು ಕುರ್ಚಿ ಸರಿದಿದ್ದರು.

ಅಷ್ಟರಲ್ಲಿ ಯಜಮಾನರ ಫೋನು.

"ಅರ್ಥಪ್ಪ, ನೀಲಿ ಆಯ್ತಾ?"

"ನೀಲಿ... ಹಸಿರಿನ ಕಡೆ ಸ್ವಲ್ಪ ವಾಲಿದೆ ಸಾರ್."

"ಅಯ್ಯೋ ಪುಣ್ಯಾತ್ಮ! ತೀರ್ಪುಗಾರರಲ್ಲಿ ಒಬ್ಬರು ಹೊರದೇಶದವರು. ಅವರ ಕಡೆ ಹಸಿರು ಅಂದ್ರೆ ಹೆಂಡತಿ ಬಿಟ್ಟುಹೋದವನ ಗುರುತಂತೆ. ಅವರ ಹೆಂಡತಿ ಹೋದ ವರ್ಷ ತಾನೇ ಬಿಟ್ಟುಹೋಗಿದಾರಂತೆ. ಹಸಿರೊಂದು ಬಿಟ್ಟು ಬೇರೆ ಏನಾದ್ರೂ ಮಾಡಿ!"

ಕಂಗೆಟ್ಟ ಅರ್ಥಪ್ಪನಿಗೆ ಆಗ ತನ್ನ ಭೌತಶಾಸ್ತ್ರ ನೆನಪಾಯಿತು. ನೆನಪಾಗದಿದ್ದರೆ ಎಷ್ಟೋ ಚೆನ್ನಾಗಿತ್ತು. "ನೋಡಿ ಮೇಸ್ತ್ರಿ, ಹಸಿರಿಗೆ ಎದುರಾಳಿ ಕೆಂಪು. ಬಕೆಟ್ಟಲ್ಲಿ ಉಳಿದಿರೋದಕ್ಕೆ ಒಂದು ಚಮಚ ಕೆಂಪು ಬೆರೆಸಿ ಮೇಲೆ ಬಳಿದ್ರೆ ಹಸಿರಿನ ಸೊಕ್ಕು ಅಡಗುತ್ತೆ" ಎಂದು ಹೇಳಿ, ಒಣಗಿಸಲು ಫ್ಯಾನು ತರಲೆಂದು ಹೊರಟ. ಪಕ್ಕದ ಹೊಲಿಗೆ ಅಂಗಡಿಯವಳು ಫ್ಯಾನು ಕೊಡುವ ಮುಂಚೆ ಯಾವ ಗೋಡೆ, ಯಾವ ಬಣ್ಣ, ಅದು ತನ್ನ ಅಂಗಡಿಯ ಪರದೆಗೆ ಹೊಂದುತ್ತದೆಯೇ ಎಂದೆಲ್ಲ ವಿಚಾರಿಸಿದಳು. ಅರ್ಥಪ್ಪ ಫ್ಯಾನು ಹೊತ್ತು ವಾಪಸು ಬರುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಗೋಡೆ ಕಂದು ಬಣ್ಣಕ್ಕೆ ತಿರುಗಿ ಎಮ್ಮೆಯ ಬೆನ್ನಿನಂತೆ ಹೊಳೆಯುತ್ತಿತ್ತು.

"ಒಂದು ಚಮಚ ಅಂದೆನಲ್ರೀ!"

"ಚಮಚ ಇರಲಿಲ್ಲ ಸಾರ್. ಡಬ್ಬ ಇತ್ತು."

"ಇಡೀ ಡಬ್ಬಾನೇ?"

"ಗೇಟಿಗೆ ಬಳಿದು ಮಿಕ್ಕಿದ್ದು. ಸುಮ್ನೆ ಯಾಕೆ ವೇಸ್ಟು ಅಂತ."

ಅಜ್ಜಿ ಕನ್ನಡಕ ಏರಿಸಿ ಗೋಡೆಯನ್ನು ಪರೀಕ್ಷಿಸಿತು. "ಇದು ನಮ್ಮೆಜಮಾನ್ರ ಹಲ್ಲಿನ ಬಣ್ಣ" ಎಂದು ತೀರ್ಪು ಕೊಟ್ಟಿತು. "ದೇವರು ಅವರನ್ನ ಚೆನ್ನಾಗಿಟ್ಟಿರಲಿ."

ಮೇಷ್ಟ್ರು ಮತ್ತೊಂದು ಕುರ್ಚಿ ಸರಿದರು.

ಈ ಬಣ್ಣಕ್ಕೆ ಏನು ಬರೆಯುವುದು? 'ಕಂದು: ಮಣ್ಣು, ಬೇರು, ತಾಯ್ತನ' ಎಂದು ಬರೆದ. ಹಲ್ಲಿನ ಆಸ್ಪತ್ರೆಯಲ್ಲಿ ಬೇರು ಎಂದರೆ ಜನ ಕೂತಲ್ಲೇ ನಡುಗುತ್ತಾರೆ ಎಂದು ನೆನಪಾಗಿ ಹೊಡೆದುಹಾಕಿದ. "ಸ್ವಲ್ಪ ಬಿಳಿ ಬೆರೆಸಿ" ಎಂದು ಮೇಸ್ತ್ರಿಗೆ ಹೇಳಿ, ಈ ಸಲ ತಾನೇ ನಿಂತು ಅಳತೆ ನೋಡಿ ಹಾಕಿಸಿದ. ಹಸಿಯಾಗಿದ್ದಾಗ ಗೋಡೆ ಒಂದು ತೆರನಾಗಿ ಕಂಡಿತು. ಫ್ಯಾನಿನ ಗಾಳಿ ತಾಗಿ ಒಣಗಿದ ಕಡೆ ಇನ್ನೊಂದು ತೆರ. ನರ್ಸಮ್ಮ ಮೂಲೆಯ ಮೇಜಿನ ಮೇಲೆ ಇಟ್ಟಿದ್ದ ತಟ್ಟೆಯ ಹತ್ತಿಯ ಉಂಡೆಗಳು ಅದೇ ಗಾಳಿಗೆ ಹಾರಿ ಗೋಡೆಗೆ ಅಲ್ಲಲ್ಲಿ ಅಂಟಿಕೊಂಡವು. ಕೀಳಲು ಹೋದರೆ ಬಣ್ಣವೂ ಕಿತ್ತು ಬರುತ್ತಿತ್ತು.

ಕೊನೆಗೆ ಉಳಿದ ಬಣ್ಣ ಯಾವುದೆಂದು ಹೇಳುವುದು ಕಷ್ಟ. ಬೂದಿಯೆಂದರೆ ಬೂದಿಯಲ್ಲ, ಮಣ್ಣೆಂದರೆ ಮಣ್ಣಲ್ಲ. ದಿಟ್ಟಿಸಿ ನೋಡಿದಷ್ಟೂ ಮರೆತುಹೋಗುವಂಥ ಬಣ್ಣ ಅದು.

"ಇದಕ್ಕೆ ಹೆಸರೇ ಇಲ್ಲ ಕಣಪ್ಪ" ಎಂದಿತು ಅಜ್ಜಿ.

ಗಂಟೆ ಮೂರು. ಹೆಸರೇ ಇಲ್ಲದ್ದಕ್ಕೆ ಅರ್ಥ ಎಲ್ಲಿಂದ ತರಲಿ ಎಂದು ಅರ್ಥಪ್ಪ ಬೆಂಚಿನ ಮೇಲೆ ಕುಸಿದು ಕೆನ್ನೆಗೆ ಕೈ ಕೊಟ್ಟು ಕುಳಿತ.

ಹಲ್ಲಿನ ಆಸ್ಪತ್ರೆಯಲ್ಲಿ ಯಾರೂ ಮಾಡಬಾರದ ತಪ್ಪು ಅದೊಂದೇ.

ಬೆಳಗಿನ ನರ್ಸಮ್ಮ ಮನೆಗೆ ಹೋಗಿ ಮಧ್ಯಾಹ್ನದ ನರ್ಸಮ್ಮ ಬಂದಿದ್ದಳು. ಅವಳು ಬಾಗಿಲು ತೆರೆದು "ಮುಂದಿನವರು ಯಾರು?" ಎಂದಳು. ಸರದಿ ಮೇಷ್ಟ್ರದಾಗಿತ್ತು. ಮೇಷ್ಟ್ರು ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಲು ಕಲಿಸಿದವರು. ಅವರು ಒಂದು ಗಳಿಗೆಯೂ ತಡಮಾಡದೆ ಅರ್ಥಪ್ಪನತ್ತ ಬೆರಳು ತೋರಿಸಿ, "ಇವರೇ! ಪಾಪ, ಬೆಳಗ್ಗೆಯಿಂದ ಒದ್ದಾಡ್ತಾ ಇದಾರೆ" ಎಂದರು.

"ಏಳಿ, ಏಳಿ" ಎಂದು ನರ್ಸಮ್ಮ ತೋಳು ಹಿಡಿದಳು.

"ಅಮ್ಮಾ, ನಾನು ರೋಗಿ ಅಲ್ಲ! ನಾನು ಗೋಡೆ ಕಡೆಯವನು!"

"ಬಾಗಿಲ ಹತ್ರ ಬಂದ ಮೇಲೆ ಎಲ್ಲರೂ ಹಾಗೇ ಹೇಳೋದು. ನಿನ್ನೆ ಒಬ್ಬರು ಪೋಸ್ಟ್‌ಮ್ಯಾನ್ ಅಂದ್ರು."

ಡಾಕ್ಟರಮ್ಮ ಮುಖ ನೋಡುವವರಲ್ಲ, ಬಾಯಿ ನೋಡುವವರು. ಕುರ್ಚಿಯಲ್ಲಿ ಒರಗಿದ ಅರ್ಥಪ್ಪ "ಡಾಕ್ಟ್ರೇ, ಒಂದು ನಿಮಿಷ, ನಾನು" ಎಂದು ಬಾಯಿ ತೆರೆದದ್ದೇ ತಡ, ಅವರು ಕನ್ನಡಿ ತೂರಿಸಿ, "ಓಹೋ! ಕೆಳಗಡೆ ಬಲಕ್ಕೆ ಒಳ್ಳೇ ಹುಳುಕು ಇಟ್ಕೊಂಡಿದೀರ" ಎಂದು ಎರಡು ಸೂಜಿ ಚುಚ್ಚಿ, ಹುಳುಕು ಕೊರೆದು, ಹತ್ತಿ ತುರುಕಿ, "ಒಂದು ಗಂಟೆ ಹೊರಗೆ ಕೂತಿರಿ. ಮಾತಾಡಬೇಡಿ. ಮಾತಾಡೋಕೆ ಹೋದ್ರೂ ಆಗಲ್ಲ" ಎಂದರು.

ಹೊರಗೆ ಬಂದಾಗ ಅರ್ಥಪ್ಪನ ಅರ್ಧ ಮುಖ ಅವನದಾಗಿರಲಿಲ್ಲ. ನಾಲಿಗೆ ಒದ್ದೆ ಗೋಣಿಚೀಲದಂತೆ ಬಿದ್ದುಕೊಂಡಿತ್ತು. ಮೇಷ್ಟ್ರು ಜಾಗ ಖಾಲಿ ಮಾಡಿದ್ದರು. ತೀರ್ಪುಗಾರರು ಮಾತ್ರ ಬಾಗಿಲಲ್ಲಿ ನಿಂತಿದ್ದರು.

ಮೂವರು. ಮುಂದೆ ಗಡ್ಡದ ಹಿರಿಯರು, ಅವರ ಹಿಂದೆ ಕ್ಯಾಮೆರಾ ಹಿಡಿದ ಎತ್ತರದ ಹೆಂಗಸು, ಕೊನೆಗೆ ಬಾಡಿದ ಮುಖದ ಹೊರದೇಶದವರು. ಮೂವರೂ ಗೋಡೆಯ ಮುಂದೆ ನಿಂತರು. ಹೊರದೇಶದವರು ಒಂದು ಹತ್ತಿಯ ಉಂಡೆಯನ್ನು ಬೆರಳಿನಿಂದ ಮುಟ್ಟಿ ನೋಡಿ ನಿಟ್ಟುಸಿರುಬಿಟ್ಟರು.

"ಚಿತ್ರದಲ್ಲಿ ನೀಲಿ ಇತ್ತಲ್ಲ?" ಎಂದರು ಹಿರಿಯರು.

"ಅದು ಒಳಗಡೆ ಇದೆ ಸಾರ್" ಎಂದ ಮೇಸ್ತ್ರಿ.

ಹಿರಿಯರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಬಳಿಕ ಅರ್ಥಪ್ಪನ ಕಡೆ ತಿರುಗಿದರು. "ಅರ್ಥ ಬರೆಯೋರು ನೀವೇ ತಾನೆ? ಹೇಳಿ. ಈ ಬಣ್ಣದ ಅರ್ಥ ಏನು?"

ಇಡೀ ಜೀವಮಾನದಲ್ಲಿ ಅರ್ಥಪ್ಪ ಇಂಥ ಪ್ರಶ್ನೆಗೆ ಉತ್ತರವಿಲ್ಲದೆ ನಿಂತವನಲ್ಲ. ಈಗಲೂ ಉತ್ತರ ಎದೆಯಿಂದ ಗಂಟಲವರೆಗೆ ಓಡಿಬಂತು. ಅಲ್ಲಿಂದ ಮುಂದೆ ದಾರಿ ಇರಲಿಲ್ಲ. ಬಾಯಿ ತೆರೆದ; ಒಂದು ಹನಿ ಜೊಲ್ಲು ಬಿತ್ತು. ಮುಚ್ಚಿದ. ಮಾತಾಡಲಾಗದ ಸಂಕಟಕ್ಕೆ ಕಣ್ಣಲ್ಲಿ ನೀರು ತುಂಬಿತು. ಬರೆದಾದರೂ ತೋರಿಸೋಣವೆಂದು ಜೇಬಿನಿಂದ ಪೆನ್ನು ತೆಗೆದ.

ಹಿರಿಯರು ಅವನ ಕೈ ಹಿಡಿದುಕೊಂಡರು.

"ಬೇಡಿ. ಬರೀಬೇಡಿ. ನಲವತ್ತು ವರ್ಷದಿಂದ ನಾನು ಪ್ರತಿಯೊಂದು ಗೋಡೆ ಮುಂದೆ ನಿಂತು ಈ ಪ್ರಶ್ನೆ ಕೇಳಿದೀನಿ. ನೀಲಿ ಅಂದ್ರೆ ಆಕಾಶ ಅಂತಾರೆ, ಹಸಿರು ಅಂದ್ರೆ ಚಿಗುರು ಅಂತಾರೆ. ಕೇಳಿ ಕೇಳಿ ಕಿವಿ ತೂತಾಗಿದೆ. ಸುಮ್ಮನೆ ಅತ್ತವರು ನೀವೊಬ್ಬರೇ."

ಹೊರದೇಶದವರು ಆಗಲೇ ಅಳುತ್ತಿದ್ದರು. ಕ್ಯಾಮೆರಾದ ಹೆಂಗಸು ಗೋಡೆಯದೊಂದು, ಅರ್ಥಪ್ಪನ ಜೊಲ್ಲಿನದೊಂದು ಚಿತ್ರ ತೆಗೆದಳು. ಮೂವರೂ ಕೈಮುಗಿದು ಹೊರಟುಹೋದರು.

ಆರು ಗಂಟೆಗೆ ಯಜಮಾನರು ಖುದ್ದಾಗಿ ಓಡಿಬಂದರು. ಬಾಗಿಲಲ್ಲೇ ಅರ್ಥಪ್ಪನನ್ನು ತಬ್ಬಿಕೊಂಡರು. "ಬಂತು ಅರ್ಥಪ್ಪ, ಬಂತು! ಮೊದಲ ಪ್ರಶಸ್ತಿ! 'ಬಣ್ಣವನ್ನು ಅರ್ಥದ ಸೆರೆಯಿಂದ ಬಿಡಿಸಿದ ಗೋಡೆ' ಅಂತ ಬರೆದಿದಾರೆ. ಎಲ್ಲ ನಿಮ್ಮಿಂದ!"

ಅರ್ಥಪ್ಪನ ನಾಲಿಗೆಗೆ ಆಗತಾನೇ ಜೀವ ಬರುತ್ತಿತ್ತು. "ಹಾಗಾದ್ರೆ... ಖಾ... ಖಾಯಂ?"

"ಮತ್ತೆ? ಖಾಯಂ! ಇನ್ಮೇಲೆ ನಮ್ಮ ಆಫೀಸಿನ ಖಾಯಂ ನೀತಿನೇ ಅದು. ನಾವು ಬಣ್ಣಕ್ಕೆ ಅರ್ಥ ಬರೆಯೋದೇ ಇಲ್ಲ. ಆಗಲೇ ಎರಡು ಶಾಲೆ, ಒಂದು ಕೋರ್ಟು ಫೋನ್ ಮಾಡಿವೆ. ಎಲ್ಲರಿಗೂ ಅರ್ಥ ಇಲ್ಲದ ಗೋಡೆನೇ ಬೇಕಂತೆ." ಯಜಮಾನರು ಮೇಸ್ತ್ರಿಯ ಹೆಗಲ ಮೇಲೆ ಕೈ ಹಾಕಿದರು. "ಮೇಸ್ತ್ರಿನ ಇವತ್ತಿಂದಲೇ ಆಫೀಸಿಗೆ ತಗೊಂಡೆ. ಕಿಟಕಿ ಪಕ್ಕದ ನಿಮ್ಮ ಮೇಜು ಅವರಿಗೆ ಕೊಡ್ತಿದೀನಿ, ಬೇಜಾರು ಮಾಡ್ಕೋಬೇಡಿ. ನೀವೇ ಯೋಚನೆ ಮಾಡಿ, ಅರ್ಥ ಬರೆಯೋರನ್ನ ಇನ್ನೂ ಇಟ್ಕೊಂಡಿದೀವಿ ಅಂತ ಗೊತ್ತಾದ್ರೆ ಪ್ರಶಸ್ತಿ ವಾಪಸ್ ತಗೋತಾರೋ ಇಲ್ವೋ?"

ಅರ್ಥಪ್ಪ ಯೋಚನೆ ಮಾಡಿದ. ತರ್ಕದಲ್ಲಿ ಎಲ್ಲೂ ಲೋಪ ಕಾಣಲಿಲ್ಲ.

"ಹಾಂ, ಒಂದು ಸಣ್ಣ ಕೆಲಸ" ಎಂದರು ಯಜಮಾನರು, ಹೊರಡುತ್ತಾ. "ಈ ಗೋಡೆಗೆ ಯಾಕೆ ಅರ್ಥ ಇಲ್ಲ ಅಂತ ಮೂರು ಪುಟ ಬರೆದುಕೊಟ್ಟು ಹೋಗಿ. ಪ್ರಶಸ್ತಿ ಪುಸ್ತಕಕ್ಕೆ ಬೇಕಂತೆ. ನಿಮ್ಮ ಹೆಸರು ಹಾಕೋ ಹಾಗಿಲ್ಲ, ಗೊತ್ತಲ್ಲ."

ಕೋಣೆ ಖಾಲಿಯಾಯಿತು. ಅರ್ಥಪ್ಪ ಬೆಂಚಿನ ಮೇಲೆ ಕುಳಿತು ಮೊದಲ ಪುಟ ಬರೆಯತೊಡಗಿದ. ಮೇಸ್ತ್ರಿ ಬಕೆಟ್ಟುಗಳ ತಳದಲ್ಲಿ ಉಳಿದದ್ದನ್ನೆಲ್ಲ ಒಂದೇ ಡಬ್ಬಕ್ಕೆ ಬಗ್ಗಿಸಿ, ಮುಚ್ಚಳ ಹಾಕಿ, ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ.

"ಸಾರ್, ಮನಸ್ಸಿಗೆ ಹಚ್ಕೋಬೇಡಿ. ಕೋರ್ಟಿನ ಗೋಡೆ ತುಂಬ ದೊಡ್ಡದಂತೆ. ನನಗೂ ಡಬ್ಬ ಹಿಡ್ಕೊಳ್ಳೋಕೆ ಒಬ್ಬರು ಬೇಕು. ನಾಳೆಯಿಂದ ಬನ್ನಿ."

ಅರ್ಥಪ್ಪ ತಲೆಯೆತ್ತಿ ಕೃತಜ್ಞತೆಯಿಂದ ನೋಡಿದ.

"ಆದ್ರೆ ಒಂದು ಮಾತು ಸಾರ್, ಈಗಲೇ ಹೇಳಿಬಿಡ್ತೀನಿ" ಎಂದ ಮೇಸ್ತ್ರಿ. "ನಾನು ಬಣ್ಣ ಕಲಸೋವಾಗ ನೀವು ಸೈನ್ಸು ಹೇಳಬಾರದು."