ಯಾರಿಗೂ ಎಟುಕದ ಗಾಡಿ

ಎಡಕ್ಕೆ ತಿರುಗಿದಾಗಲೆಲ್ಲ ಸುಬ್ರಮಣಿಯ ಮೊಣಕಾಲು ಹಾರ್ನ್ ಒತ್ತುತ್ತಿತ್ತು. ಬೇಕೆಂದು ಒತ್ತುತ್ತಿರಲಿಲ್ಲ, ಪಾಪ. ಆರಡಿ ನಾಲ್ಕಂಗುಲದ ಆಳು ಅವನು. ಗಾಡಿಯೋ ಐದಡಿಯ ಅಪ್ಪನ ಕಾಲದ್ದು. ಹ್ಯಾಂಡಲ್ ಎಡಕ್ಕೆ ಬರುವಷ್ಟರಲ್ಲಿ ಮೊಣಕಾಲು ಅಲ್ಲಿ ಮೊದಲೇ ಬಂದು ಕಾದಿರುತ್ತಿತ್ತು. ಅವತ್ತು ಬೆಳಿಗ್ಗೆ ಗೌನಿಪಲ್ಲಿಯ ಅವನ ಮನೆಯ ತಿರುವಿನಲ್ಲಿ, ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದ ಅಕ್ಕಯಮ್ಮನ ಬೆನ್ನ ಹಿಂದೆಯೇ ಹಾರ್ನ್ ಅರಚಿಕೊಂಡಿತು. ಅಕ್ಕಯಮ್ಮ ಬೆಚ್ಚಿಬಿದ್ದಳು, ಕ್ಯಾನು ಉರುಳಿತು, ಬೀದಿನಾಯಿಗಳಿಗೆ ಹಬ್ಬವಾಯಿತು.

"ಅಯ್ಯೋ ನಿನ್ನ! ಕಾಲೇನೋ ಅವು, ತೆಂಗಿನ್ಮರಾನಾ?" ಅಕ್ಕಯಮ್ಮ ಸೆರಗು ಬಿಗಿದಳು. "ಮಿಡತೆ ಕಡ್ಡಿಪೆಟ್ಟಿಗೆ ಮೇಲೆ ಕೂತಂಗೆ ಕೂತಿದೀಯ. ಮೊದ್ಲು ನಿನ್ನ ಅಳತೆಗೊಂದು ಗಾಡಿ ತಗೊಳ್ಳೋ!"

ಬೀದಿಯೆಲ್ಲ ನಕ್ಕಿತು. ಸುಬ್ರಮಣಿಗೆ ಅಳುವೇ ಬಂದುಬಿಟ್ಟಿತ್ತು. ಅವನು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಗುಮಾಸ್ತ. ದಿನಾ ಹೋಗಿ ಬರುವಷ್ಟರಲ್ಲಿ ಸೊಂಟ ಒಂದು ಕಡೆ, ಮೊಣಕಾಲು ಒಂದು ಕಡೆ. ಹೆಂಡತಿ ಶ್ಯಾಮಲಾ ಹರಳೆಣ್ಣೆ ತಿಕ್ಕಿ ತಿಕ್ಕಿ ಅವಳ ಕೈಯೇ ನೋಯತೊಡಗಿತ್ತು.

"ಇವತ್ತು ಮಂಡಿಗೆ ರಜಾ. ಕೋಲಾರಕ್ಕೆ ಹೋಗ್ತೀನಿ ಕಣೇ," ಎಂದ ಅವಳಿಗೆ. "ನಾನು ಸರಿಯಾಗಿ ಕೂರೋಕಾಗೋ ಗಾಡಿ ತಂದ್ರೆ ತಂದೆ, ಇಲ್ಲಾಂದ್ರೆ ಈ ಜನ್ಮದಲ್ಲಿ ಗಾಡಿ ಮುಟ್ಟಲ್ಲ."

"ಒಬ್ರೇ ಹೋಗ್ರೀ, ಯಾರ್ಗೂ ಹೇಳ್ಬೇಡಿ," ಎಂದಳು ಶ್ಯಾಮಲಾ. ಬುದ್ಧಿವಂತೆ.

ಆದರೆ ಆ ಬೀದಿಯಲ್ಲಿ ಹೆಣ್ಣು ನೋಡಲಿಕ್ಕೂ ಗಾಡಿ ನೋಡಲಿಕ್ಕೂ ಒಬ್ಬನೇ ಹೋಗುವ ಪದ್ಧತಿಯೇ ಇಲ್ಲ. ಅವನು ಗಾಡಿ ಒರೆಸಿ ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ಶ್ರೀರಾಮಪ್ಪ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದರು. ಬಸ್ ಕಂಡಕ್ಟರ್ ಆಗಿ ರಿಟೈರಾದ ಕುಳ್ಳ ಮನುಷ್ಯ, ಸುತ್ತಲ ಊರುಗಳ ಒಂದು ಮದುವೆಯನ್ನೂ ನಾಮಕರಣವನ್ನೂ ಬಿಡದವರು. ಎದುರುಮನೆಯ ವೆಂಕಟನೂ ಬಂದ. ಅವನದು ನಾಟಿ ಕೋಳಿ ವ್ಯಾಪಾರ.

ಇವರಿಬ್ಬರಿಗೂ ಸ್ವಂತ ಗಾಡಿ ಇರಲಿಲ್ಲ. ಇರಬೇಕಾದ ಅಗತ್ಯವೂ ಬಿದ್ದಿರಲಿಲ್ಲ. ಸುಬ್ರಮಣಿಯ ಬಾಗಿಲ ಪಕ್ಕದ ಮೊಳೆಗೆ ಕೈಹಾಕಿದರೆ ಕೀ ಸಿಗುತ್ತಿತ್ತು. ಒಬ್ಬರು ಮದುವೆ ಊಟಕ್ಕೆ ಒಯ್ದರೆ, ಇನ್ನೊಬ್ಬ ಕೋಳಿ ಹೇರಲಿಕ್ಕೆ ಒಯ್ಯುತ್ತಿದ್ದ. ಗಾಡಿಯ ಯಜಮಾನ ಎಷ್ಟೋ ದಿನ ಬಸ್ಸಿನಲ್ಲಿ ತಲೆ ಬಗ್ಗಿಸಿ ನಿಂತು ಮಂಡಿಗೆ ಹೋಗಿದ್ದ. 'ಇಲ್ಲ' ಎನ್ನುವ ಮಾತು ಅವನ ಹೊಟ್ಟೆಯಿಂದ ಹೊರಟು ಬಾಯಿಗೆ ಬರುವುದಕ್ಕೆ ತುಂಬಾ ದೂರವಾಗುತ್ತಿತ್ತು.

ಕೋಲಾರದ ಶೋರೂಮಿನಲ್ಲಿ ಗಂಗಾಲಕ್ಷ್ಮಿ ಎಂಬ ಹುಡುಗಿ ನಗುನಗುತ್ತಾ ಗಾಡಿ ತೋರಿಸಲು ಬಂದಳು. ಮೊದಲನೆಯದು ತಗ್ಗಾದ, ಉದ್ದನೆಯ, ಹೊಟ್ಟೆ ದಪ್ಪದ ಗಾಡಿ. ಸುಬ್ರಮಣಿ ಹತ್ತುವ ಮೊದಲೇ ಶ್ರೀರಾಮಪ್ಪ ಹತ್ತಿ ಕೂತರು.

"ನೋಡು ಮಣೀ, ಎರಡೂ ಪಾದ ನೆಲಕ್ಕೆ ಸಿಕ್ತು!"

"ನಿಮ್ದು ಸಿಕ್ತು ಮಾವ. ನಂದು?"

"ನಿಂದು ಎಲ್ಲಿ ಕೂತ್ರೂ ಸಿಗ್ತದೆ ಬಿಡೋ."

ಸುಬ್ರಮಣಿ ಕೂತ. ಮೊಣಕಾಲುಗಳು ಎದ್ದು ಬಂದು ಕಿವಿಯ ಹತ್ತಿರ ಗುಟ್ಟು ಹೇಳುವಂತೆ ನಿಂತವು. ಎರಡನೆಯದು ರೇಸಿನ ಗಾಡಿ. ಅದರ ಮೇಲೆ ಬಗ್ಗಿದ ಅವನ ಬೆನ್ನು ಹಾಗೇ ಹಿಡಿದುಕೊಂಡು, ನೆಟ್ಟಗೆ ಮಾಡಲು ಇಬ್ಬರು ಬರಬೇಕಾಯಿತು.

ಮೂರನೆಯದು ಸ್ಕೂಟರು. ವೆಂಕಟನ ಮುಖ ಅರಳಿತು. "ಲೇ ಮಣಿ, ಮುಂದ್ಗಡೆ ಜಾಗ ನೋಡ್ಲಾ! ಒಂದು ಕೋಳಿ ಪುಟ್ಟಿ ಆರಾಮಾಗಿ ಕೂರ್ತದೆ!"

"ನನ್ ಕಾಲು ಎಲ್ಲಿ ಇಡ್ಲಿ?"

"ಹೊರಗಿಟ್ಕೊ!"

ಹೊರಗಿಡಲು ಹೋದ ಕಾಲು ಹೆಲ್ಮೆಟ್ಟಿನ ಸ್ಟ್ಯಾಂಡಿಗೆ ತಗುಲಿತು. ಹೆಲ್ಮೆಟ್ಟುಗಳೆಲ್ಲ ಸಂತೆಯ ಕುಂಬಳಕಾಯಿಗಳಂತೆ ಉರುಳಿ, ಕೆಲವು ಬಾಗಿಲು ದಾಟಿ ರಸ್ತೆಗೂ ಹೋದವು. ಆಟೋಗಳು ನಿಂತವು, ಜನ ಸೇರಿದರು. ಸುಬ್ರಮಣಿ ರಸ್ತೆಯಲ್ಲಿ ಬಗ್ಗಿ ಬಗ್ಗಿ ಹೆಲ್ಮೆಟ್ಟು ಹೆಕ್ಕುತ್ತಿದ್ದರೆ ಒಳಗೆ ಶ್ರೀರಾಮಪ್ಪನಿಗೂ ವೆಂಕಟನಿಗೂ ತಗ್ಗು ಗಾಡಿಯೋ ಸ್ಕೂಟರೋ ಎಂದು ಜಗಳವೇ ಹತ್ತಿತ್ತು.

ಗಂಗಾಲಕ್ಷ್ಮಿಗೆ ತಲೆಕೆಟ್ಟು ಹೋಯಿತು. "ಸಾರ್, ಒಂದ್ನಿಮಿಷ. ಗಾಡಿ ಯಾರಿಗೆ?"

"ನಮಗೇ!" ಇಬ್ಬರೂ ಒಟ್ಟಿಗೆ ಅಂದರು.

ಹೆಲ್ಮೆಟ್ಟು ತಬ್ಬಿಕೊಂಡು ಬಾಗಿಲಲ್ಲಿ ನಿಂತಿದ್ದ ಸುಬ್ರಮಣಿಗೆ ಆಗ ಜ್ಞಾನೋದಯವಾಯಿತು. ಇವರು ಅವನಿಗೆ ಗಾಡಿ ಆರಿಸಲು ಬಂದವರಲ್ಲ, ತಾವು ನಾಳೆಯಿಂದ ಒಯ್ಯುವ ಗಾಡಿಯನ್ನು ಆರಿಸಲು ಬಂದವರು! ಅವನ ಹೊಟ್ಟೆಯಲ್ಲಿ ಎಷ್ಟೋ ವರ್ಷದಿಂದ ಕೂತಿದ್ದ 'ಇಲ್ಲ' ಎನ್ನುವ ಮಾತು ಮೆಲ್ಲಗೆ ಎದ್ದು ನಿಂತಿತು.

"ನೋಡಮ್ಮ," ಎಂದ ಗಂಗಾಲಕ್ಷ್ಮಿಗೆ. "ನಿಮ್ಮಲ್ಲಿ ಎಲ್ಲಕ್ಕಿಂತ ಎತ್ತರದ ಗಾಡಿ ಯಾವುದು?"

"ಒಂದಿದೆ ಸಾರ್. ಬೆಟ್ಟ ಗುಡ್ಡ ಹತ್ತೋ ಗಾಡಿ. ಯಾರಿಗೂ ಕಾಲು ಎಟುಕಲ್ಲ ಅಂತ ಮೂಲೇಲಿಟ್ಟಿದೀವಿ."

ಧೂಳು ಕೊಡವಿ ಹೊರಗೆ ತಂದರು. ಕುದುರೆಯಂಥ ಗಾಡಿ. ಸುಬ್ರಮಣಿ ಕಾಲು ಬೀಸಿ ಕೂತ. ಎರಡೂ ಪಾದ ನೆಲದ ಮೇಲೆ ಸಮನಾಗಿ ಊರಿದವು. ಬೆನ್ನು ನೆಟ್ಟಗೆ ನಿಂತಿತು. ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಮೊಣಕಾಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಹುಟ್ಟಿದಾಗಿನಿಂದ ಮಂಚ, ಬಾಗಿಲು, ಬಸ್ಸು ಎಲ್ಲವೂ ಅವನನ್ನು ಮಡಚಿ ಇಡಲಿಕ್ಕೇ ನೋಡಿದ್ದವು. ಮೊದಲ ಬಾರಿಗೆ ಒಂದು ವಸ್ತು ಅವನನ್ನು ಪೂರ್ತಿ ಬಿಚ್ಚಿಕೊಳ್ಳಲು ಬಿಟ್ಟಿತ್ತು. ಸಂತೋಷಕ್ಕೆ ಅವನ ಕಣ್ಣು ತುಂಬಿತು.

ಶ್ರೀರಾಮಪ್ಪನೂ ಹತ್ತಿ ನೋಡಿದರು, ಅಂದರೆ ವೆಂಕಟ ಎತ್ತಿ ಕೂರಿಸಿದ. ಹಗ್ಗದ ಮೇಲೆ ಒಣಹಾಕಿದ ಪಂಚೆಯಂತೆ ಎರಡು ಕಡೆಗೂ ಜೋತಾಡಿದರು.

"ಏಮಿ ಬಂಡಿರಾ ಇದಿ, ಎಂಥಾ ಗಾಡಿಯೋ ಇದು! ಬ್ಯಾಡ ಮಣೀ, ಎತ್ತರದ ಗಾಡಿ ಮನೆಗಾಗಲ್ಲ. ಗಾಳಿಗೆ ಬಿದ್ದೋಗ್ತದೆ."

"ಪುಟ್ಟಿ ಕಟ್ಟೋಕೂ ಜಾಗ ಇಲ್ಲ ಕಣ್ಲಾ," ಎಂದ ವೆಂಕಟ.

"ಇಲ್ಲ ಮಾವ," ಎಂದ ಸುಬ್ರಮಣಿ. ಆ ಮಾತು ಬಾಯಿಂದ ಬಂದದ್ದು ಕೇಳಿ ಅವನಿಗೇ ಆಶ್ಚರ್ಯವಾಯಿತು. ಇನ್ನೊಮ್ಮೆ ಹೇಳಿ ನೋಡಿದ. "ಇಲ್ಲ. ಇದೇ ಬೇಕು."

ಹಳೆಯ ಗಾಡಿಯನ್ನು ಅಲ್ಲೇ ಎಕ್ಸ್‌ಚೇಂಜಿಗೆ ಬಿಟ್ಟು, ಕಂತಿನ ಕಾಗದಕ್ಕೆ ಸಹಿ ಹಾಕಿ, ಹೊಸತನ್ನು ಹೊರಡಿಸಿದ. ಮುಖ ಊದಿಸಿಕೊಂಡ ವೆಂಕಟ ಬಸ್ಸು ಹತ್ತಿದ. ಶ್ರೀರಾಮಪ್ಪನನ್ನು ಶೋರೂಮಿನವರು ಎತ್ತಿ ಹಿಂದಿನ ಸೀಟಿಗೆ ಏರಿಸಿದರು. ಕೋಲಾರ ದಾಟಿದ ಮೇಲೆ ಸುಬ್ರಮಣಿ ರಾಜನ ಹಾಗೆ ಬಂದ. ಗಾಳಿ ಎದೆಗೆ ಬಡಿಯುತ್ತಿತ್ತು, ಹೊಂಡ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಹಿಂದೆ ಶ್ರೀರಾಮಪ್ಪ ಯಾಕೋ ಒಂದು ಮಾತೂ ಆಡಲಿಲ್ಲ. ಸಿಟ್ಟು ಬಂದಿರಬೇಕು ಅಂದುಕೊಂಡ. ಬಂದರೆ ಬರಲಿ!

ಮನೆಯ ಮುಂದೆ ಶ್ಯಾಮಲಾ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಆರತಿ ಎತ್ತಿದಳು. ಗಂಡನ ಮುಖದವರೆಗೆ ಎತ್ತಲು ಜಗುಲಿ ಹತ್ತಬೇಕಾಯಿತು. "ನಿಮ್ಗೇ ಅಂತ ಅಳತೆ ಕೊಟ್ಟು ಹೊಲ್ಸಿದಂಗಿದೆ ಕಣ್ರೀ!" ಎಂದು ಬಾಯ್ತುಂಬ ನಕ್ಕಳು.

ಸಂಜೆ ಬಸ್ಸಿಳಿದ ವೆಂಕಟ ನೆಟ್ಟಗೆ ಅಲ್ಲಿಗೇ ಬಂದ. ಅಭ್ಯಾಸಬಲ, ಕೈ ಮೊಳೆಯ ಕಡೆ ಹೋಯಿತು. "ಲೇ, ಕೀ ಕೊಡ್ಲಾ, ಒಂದ್ರೌಂಡ್ ನೋಡ್ತೀನಿ."

"ಅದಕ್ಕೇನಂತೆ, ತಗೊಳ್ಳಪ್ಪ!" ಸುಬ್ರಮಣಿ ತಾನೇ ಕೀ ತೆಗೆದು ಕೈಗಿಟ್ಟ.

ವೆಂಕಟ ಜಗುಲಿಯಿಂದ ಹಾರಿ ಕೂತ. ಎಡಗಾಲು ನೆಲ ಹುಡುಕಿತು, ಸಿಗಲಿಲ್ಲ. ಬಲಗಾಲು ಹುಡುಕಿತು, ಅದಕ್ಕೂ ಸಿಗಲಿಲ್ಲ. ಗಾಡಿ ವಾಲಿತು, ವೆಂಕಟ ಅಕ್ಕಯಮ್ಮನ ಹುಲ್ಲಿನ ಬಣವೆಗೆ ಹೋಗಿ ಬಿದ್ದ. ಗಾಡಿಯನ್ನು ಮಾತ್ರ ಸುಬ್ರಮಣಿ ಒಂದೇ ಕೈಯಲ್ಲಿ ಹಿಡಿದು ನಿಲ್ಲಿಸಿದ.

"ನಿನ್ ಗಾಡಿಗೊಂದು ದೊಡ್ಡ ನಮಸ್ಕಾರ!" ವೆಂಕಟ ಕೀಯನ್ನು ಜಗುಲಿ ಮೇಲಿಟ್ಟು ಹುಲ್ಲು ಕೊಡವುತ್ತಾ ಹೋದ.

ಗೆದ್ದೆ! ಸುಬ್ರಮಣಿ ಒಳಗೆ ಬಂದು ಕಾಲು ಚಾಚಿ ಕೂತ. "ಕಾಫಿ ಮಾಡೇ ಶ್ಯಾಮಲಾ, ಗಟ್ಟಿಯಾಗಿ. ಇನ್ಮೇಲೆ ಈ ಗಾಡೀನ ಅವರಪ್ಪನಾಣೆಗೂ ಯಾರೂ ಒಯ್ಯಲ್ಲ." ಅವಳು ಕೊಟ್ಟ ಕಾಫಿ ಅಮೃತದಂತಿತ್ತು.

ಲೋಟ ಅರ್ಧವಾಗಿತ್ತಷ್ಟೆ, ಹೊರಗೆ ಗಲಗಲ ಕೇಳಿಸಿತು. ಬಾಗಿಲಲ್ಲಿ ಶ್ರೀರಾಮಪ್ಪ ನಿಂತಿದ್ದರು. ಅವರ ಹಿಂದೆ ಅಕ್ಕಯಮ್ಮ, ಕೈಯಲ್ಲೊಂದು ಸ್ಟೂಲು. ಅವಳ ಹಿಂದೆ ವೆಂಕಟ, ಮತ್ತೆ ಬೀದಿಯ ನಾಲ್ಕಾರು ಜನ.

ಸುಬ್ರಮಣಿ ನಗುತ್ತಲೇ ಕೀ ಎತ್ತಿಕೊಟ್ಟ. "ತಗೊಳ್ಳಿ ಮಾವ, ಎಲ್ಲಿಗೆ ಬೇಕಾದ್ರೂ ಹೋಗ್ಬನ್ನಿ."

"ಕೀ ಬ್ಯಾಡ ಕಣಪ್ಪ," ಎಂದರು ಶ್ರೀರಾಮಪ್ಪ. "ನೀನು ಬಾ."

"ನಾನಾ?"

"ಕೋಲಾರದಿಂದ ಇಲ್ಲೀವರೆಗೂ ಹಿಂದೆ ಕೂತು ಬಂದ್ನಲ್ಲ, ಮಾತೇ ಬರ್ಲಿಲ್ಲ ಮಣೀ! ಸೋಫಾದ ಮೇಲೆ ಕೂತಂಗೆ. ಕಾಂಪೌಂಡ್ ಆಚೆಗಿರೋ ತೋಟಗಳೆಲ್ಲ ಕಾಣ್ತವೆ. ಓಡ್ಸೋ ಕಷ್ಟನೂ ಇಲ್ಲ. ಟೀ ಅಂಗ್ಡೀಲಿ ಎಲ್ಲಾರ್ಗೂ ಹೇಳಿದೀನಿ. ನಾಳೆ ಹೋಳೂರಲ್ಲಿ ನಂದೊಂದು ನಾಮಕರಣ ಇದೆ. ಇವತ್ತು ಅಕ್ಕಯಮ್ಮಂದು ಮೊದ್ಲು."

"ರಾಯಲ್ಪಾಡಲ್ಲಿ ಮಗಳ ಮನೆಗೆ ಬಿಟ್ಬಿಡಪ್ಪ," ಎಂದಳು ಅಕ್ಕಯಮ್ಮ. "ಬೆಳಿಗ್ಗೆ ಹಾಲು ಚೆಲ್ಲಿದ್ದೂ ಮರೆತುಬಿಡ್ತೀನಿ."

"ನನ್ನ ಪುಟ್ಟಿ ಕಟ್ಟೋಕೆ ಜಾಗ ಯಾಕ್ಬೇಕು ಬಿಡ್ಲಾ," ವೆಂಕಟ ಹಲ್ಲು ಕಿರಿದ. "ನೀನು ಓಡ್ಸಿದ್ರೆ ನನ್ನ ಎರಡು ಕೈನೂ ಖಾಲಿ. ಎರಡು ಪುಟ್ಟಿ ಹಿಡ್ಕೊಂಡು ಹಿಂದೆ ಕೂರ್ತೀನಿ."

ಸುಬ್ರಮಣಿ ಬಾಯಿ ತೆರೆದ. ಕಾಲುನೋವು ಅನ್ನೋಣ ಎಂದರೆ, ಈ ಗಾಡಿಯಲ್ಲಿ ಕಾಲುನೋವು ಬರುವುದೇ ಇಲ್ಲವೆಂದು ಶ್ರೀರಾಮಪ್ಪ ಊರಿಗೆಲ್ಲ ಸಾರಿಯಾಗಿತ್ತು. ಅಕ್ಕಯಮ್ಮ ಆಗಲೇ ಸ್ಟೂಲು ಹಾಕಿ ಹಿಂದಿನ ಸೀಟು ಏರಿ, ಸೆರಗು ಸರಿಮಾಡಿಕೊಂಡು ಕೂತಿದ್ದಳು.

ಬಾಗಿಲಲ್ಲಿ ನಿಂತ ಶ್ಯಾಮಲಾ ಅರ್ಧ ಕಾಫಿಯ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡಳು.

"ಹೋಗ್ಬನ್ನಿ. ಇಷ್ಟು ದಿನ ಗಾಡಿ ಒಂದನ್ನೇ ಒಯ್ತಿದ್ರು," ಎಂದಳು. "ಇನ್ಮೇಲೆ ನನ್ ಗಂಡನ್ನೂ ಸೇರ್ಸಿ ಒಯ್ತಾರೆ."