ಹುಟ್ಟಿದ್ದ ದ್ವೀಪದಾಗ ರೀ ಸರ್

ಧೈರ್ಯವಂತರಿಗೇ ಇಂಥವೆಲ್ಲ ಗಂಟು ಬೀಳುತ್ತವೆ. ಪುಕ್ಕಲರು ಮನೆಯಲ್ಲಿ ಕೂತಿರುತ್ತಾರೆ, ಅವರಿಗೆ ಏನೂ ಆಗುವುದಿಲ್ಲ. ದುಬೈಯ ಊದ್ ಮೇಥಾದ ಟ್ರಾವೆಲ್ ಏಜೆನ್ಸಿಯೊಂದರಲ್ಲಿ ಕೂತು ನಾನು ಜನರನ್ನು ಫಿಜಿ ದ್ವೀಪಗಳಿಗೆ ಕಳಿಸುತ್ತಿದ್ದ ಕಾಲದಲ್ಲಿ ವಾರಕ್ಕೊಂದು ಸಲವಾದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಬಂದದ್ದನ್ನು ನುಂಗಿಕೊಳ್ಳುವುದು ನನಗೆ ಗೊತ್ತಿತ್ತು, ಅದು ಬೇರೆ ಮಾತು.

ಇಂಟರ್‌ವ್ಯೂ

ಮ್ಯಾನೇಜರು ಮಂಗಳೂರು ಕಡೆಯವರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ಫಿಜಿ ಡೆಸ್ಕಿಗೆ ಜನ ಬೇಕು. ದ್ವೀಪದ ಅನುಭವ ಉಂಟಾ ನಿಂಗೆ?"

"ಹುಟ್ಟಿದ್ದ ದ್ವೀಪದಾಗ ರೀ ಸರ್."

ಸುಳ್ಳಲ್ಲ. ಕೃಷ್ಣಾ ನದಿಯ ನಡುಗಡ್ಡೆ ನಮ್ಮೂರು. ಹೊಳೆ ಬಂತೆಂದರೆ ಹರಿಗೋಲು ಹಾಕುವವನೂ ಕೈ ಮುಗಿಯುತ್ತಾನೆ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು, ಪುಸ್ತಕ ರುಮಾಲಿನಲ್ಲಿ ತಲೆಗೆ ಸುತ್ತಿಕೊಂಡು, ತುಂಬಿದ ಹೊಳೆ ಈಜಿ ಪರೀಕ್ಷೆ ಬರೆದವನು ನಾನು. ಬೇಕಿದ್ದರೆ ತಾಲ್ಲೂಕಿನಲ್ಲಿ ಯಾರನ್ನಾದರೂ ಕೇಳಿ.

ಮ್ಯಾನೇಜರ ಕಣ್ಣು ಅರಳಿತು. "ಓ, ಫಿಜಿಯವನಾ? ನಿನ್ನ ಅಜ್ಜನವರು ಬ್ರಿಟಿಷರ ಕಾಲದಲ್ಲಿ ಅಲ್ಲಿಗೆ ಕಬ್ಬಿನ ಕೆಲಸಕ್ಕೆ ಹೋದವರಿರಬೇಕು."

"ಕಬ್ಬಂತೂ ಇತ್ತು ರೀ ಸರ್."

ಇದೂ ಸುಳ್ಳಲ್ಲ. ಕೆಲಸ ಸಿಕ್ಕಿತು. ಹೊರಗೆ ಬಂದಾಗ ಪಕ್ಕದ ಡೆಸ್ಕಿನವನು ಕಿವಿಯಲ್ಲಿ ಹೇಳಿದ, "ಹುಷಾರು. ಅವ್ರಿಗೆ ಸುಳ್ಳು ಹೇಳಿದ್ದು ಗೊತ್ತಾದ್ರೆ ಒಂದೇ ಮಾತು, ಕ್ಯಾನ್ಸಲ್." ಅಂದರೆ ವೀಸಾ ರದ್ದು, ಮುಂದಿನ ವಿಮಾನಕ್ಕೆ ಊರು. ತುಂಬಿದ ಹೊಳೆಗೆ ಹೆದರದ ನಾನು ಅವತ್ತು ಲಿಫ್ಟಿನ ಸರಳು ಬಿಡಲಿಲ್ಲ. ಯಾಕೆಂದರೆ ಸಮುದ್ರ ಅಂತ ನಾನು ಕಂಡದ್ದು ಮುಂಬೈ-ದುಬೈ ವಿಮಾನದ ಕಿಟಕಿಯಿಂದ ಮಾತ್ರ. ಆಗಲೂ ಕಣ್ಣು ಮುಚ್ಚಿಕೊಂಡಿದ್ದೆ.

ಮೊಸಳೆ

ಜುಮೇರಾ ಲೇಕ್ ಟವರ್ಸ್‌ನಲ್ಲಿ ಕೆಲಸ ಮಾಡುವ ಬೆಂಗಳೂರಿನ ಹೊಸ ಜೋಡಿಯೊಂದು ಹನಿಮೂನಿಗೆ ಟಿಕೆಟ್ ತೆಗೆಸಲು ಬಂತು. ಹುಡುಗಿಗೆ ಭಯ. "ನೀವು ಅಲ್ಲಿಯೋರೇ ಅಂತೆ. ನೀರಿಗೆ ಇಳಿಯೋ ಮುಂಚೆ ಏನೇನು ನೋಡ್ಕೋಬೇಕು ಹೇಳಿ ಸಾರ್."

ಗಾಜಿನ ಆಚೆ ಮ್ಯಾನೇಜರು ಕಿವಿ ನಿಮಿರಿಸಿ ಕೂತಿದ್ದರು. ದ್ವೀಪ ಅಂದಮೇಲೆ ದ್ವೀಪ ಎಂದು ನಮ್ಮೂರನ್ನೇ ನೆನೆದು ಹೇಳಿದೆ: "ಬಿಸಿಲು ಏರೋ ಮುಂಚೆ ಇಳೀರಿ. ತೆಂಗಿನ ಮರದ ಕೆಳಗೆ ಮಲಗಬ್ಯಾಡ್ರಿ. ನೀರು ಯಾ ಕಡೆ ಎಳೀತೈತಿ ಅಂತ ಒಂದು ಕಡ್ಡಿ ಒಗೆದು ನೋಡ್ರಿ. ಮತ್ತ ಮೊಸಳಿ. ಕೋಲಿಲ್ದ ಕಾಲಿಡಬ್ಯಾಡ್ರಿ."

ಹುಡುಗಿ ಗಂಡನ ತೋಳು ಹಿಡಿದಳು. ಗಂಡ ಅವಳ ತೋಳು ಹಿಡಿದ.

ಅವರು ಹೋದಮೇಲೆ ಪಕ್ಕದವನು ಕೇಳಿದ, "ಫಿಜಿಯಲ್ಲಿ ಮೊಸಳೆ ಎಲ್ಲಿದೆಯೋ?" ಅವತ್ತಿನಿಂದ ಅವರು ಮರಳುವವರೆಗೆ ನನಗೆ ಅನ್ನ ಇಳಿಯಲಿಲ್ಲ.

ಬಂದರು. ನೇರ ಮ್ಯಾನೇಜರ ಮುಂದೆಯೇ ನಿಂತರು. ದಿನಾ ಕೋಲು ಹಿಡಿದು ನೀರು ಬಡಿದರಂತೆ. ಅದನ್ನು ನೋಡಿ ಆಸ್ಟ್ರೇಲಿಯಾದ ಪ್ರವಾಸಿಗರೂ ಕೋಲು ತಂದರಂತೆ, ಕೊನೆಗೆ ಹೋಟೆಲಿನವರು ಮರಳಲ್ಲೊಂದು ಬುಟ್ಟಿ ಇಟ್ಟು ಕೋಲು ತುಂಬಿಸಿದರಂತೆ. "ಒಂದೇ ಒಂದು ಮೊಸಳೆ ಕಾಣಲಿಲ್ಲ ಸಾರ್," ಎಂದ ಗಂಡ.

"ನೋಡ್ರಿ ಮತ್ತ," ಎಂದೆ. "ಹೇಳಿದಂಗ ಮಾಡಿದ್ರ ಹತ್ರನೂ ಬರಂಗಿಲ್ಲ."

ಶನಿವಾರ

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಯೊಂದರ ಅಕೌಂಟೆಂಟು ಮೈಸೂರಿನವರು. ಸಾಡೇಸಾತಿ ನಡೆಯುತ್ತಿದ್ದುದರಿಂದ ಶನಿವಾರ ಹನಿ ನೀರು ಬಿಟ್ಟರೆ ಏನೂ ಮುಟ್ಟುವವರಲ್ಲ. ಅವರಿಗೆ ಫಿಜಿಗೂ, ಅಲ್ಲಿಂದ ಆಚೆಯ ಕುಕ್ ದ್ವೀಪಕ್ಕೂ ಟಿಕೆಟ್ ಹಾಕಿಕೊಟ್ಟಿದ್ದೆ. ಒಂದು ಶನಿವಾರ ಸಂಜೆ ಆಫೀಸಿಗೆ ಫೋನು. ದನಿ ಪಾತಾಳದಿಂದ ಬಂದಂತಿತ್ತು.

"ಏನ್ರೀ ಇದು? ಫಿಜಿಯಲ್ಲಿ ಶನಿವಾರ ಪೂರ್ತಿ ಉಪವಾಸ ಮಾಡಿ, ಭಾನುವಾರ ತಿಂಡಿ ತಿನ್ನೋಣ ಅಂತ ವಿಮಾನ ಹತ್ತಿದೆ. ಇಲ್ಲಿಳಿದರೆ ಇವತ್ತೇ ಶನಿವಾರ, ಈಗಿನ್ನೂ ಬೆಳಗಾಗ್ತಿದೆ ಅಂತಾರಲ್ರೀ! ದುಬೈಲಾದರೂ ಭಾನುವಾರ ತಾನೇ?"

ಕ್ಯಾಲೆಂಡರ್ ನೋಡಿದೆ. "ಇಲ್ಲೂ ಶನಿವಾರನ ರೀ ಸರ್."

ದಿನ ಬದಲಾಗುವ ಗೆರೆ ಸಮುದ್ರದ ನಡುವೆ ಇದೆ ಎಂದು ನನಗೆ ಗೊತ್ತಾದದ್ದು ಆಗ. ಶನಿಮಹಾತ್ಮನ ಗಿರಾಕಿಯನ್ನು ಕೆಣಕಿದ್ದೇನೆ, ಇನ್ನು ಕ್ಯಾನ್ಸಲ್ ಆಗುವುದಕ್ಕೆ ಮ್ಯಾನೇಜರೂ ಬೇಕಾಗಿಲ್ಲ ಎಂದುಕೊಂಡೆ. ಆ ವಾರವೆಲ್ಲ ಆಂಜನೇಯನಿಗೆ ಹರಕೆಯ ಮೇಲೆ ಹರಕೆ ಹೊತ್ತೆ.

ಮರಳಿ ಬಂದವರು ನನ್ನ ಎರಡೂ ಕೈ ಹಿಡಿದುಕೊಂಡರು. "ವಾಪಸ್ ಬರುವಾಗ ಶುಕ್ರವಾರ ತಡರಾತ್ರಿ ಹತ್ತಿದೆ, ಫಿಜಿಯಲ್ಲಿಳಿದರೆ ಭಾನುವಾರ. ಮಧ್ಯದ ಶನಿವಾರವೇ ಇಲ್ಲ! ಸಾಡೇಸಾತಿಯಲ್ಲಿ ಒಂದು ಶನಿವಾರ ನುಂಗಿಬಿಟ್ರಲ್ರೀ. ಲೆಕ್ಕ ಹಾಕಿಯೇ ಟಿಕೆಟ್ ಮಾಡಿದ್ರಾ?"

"ಮತ್ತ ಏನಂತ ತಿಳಕೊಂಡ್ರಿ?"

ಮುಂದಿನ ತಿಂಗಳು ಅವರ ಅಳಿಯ ಬಂದ. ಅವನಿಗೆ ಅಷ್ಟಮ ಶನಿಯಂತೆ. ಒಂದು ಕಡೆಯ ಟಿಕೆಟ್ ಸಾಕು, ವಾಪಸ್ ಬರುವುದು ಮಾತ್ರ ಎಂದ.

ನಮ್ಮೂರಿನವರು

"ಯಲ್ಲಾ ಯಲ್ಲಾ, ಬೇಗ ಒಳಗೆ ಬಾ. ನಿಮ್ಮೂರಿನವರು ಬಂದಿದ್ದಾರೆ," ಎಂದು ಮ್ಯಾನೇಜರು ಅರಬಿ ಬೆರೆಸಿ ಕೂಗಿದಾಗ ನಾನು ಕುರ್ಚಿಯಿಂದ ಏಳಲಿಲ್ಲ. ಅವರೇ ಬಂದು ತೋಳು ಹಿಡಿದು ಒಳಗೆ ಕರೆದೊಯ್ದರು.

ಫಿಜಿಯ ಹೋಟೆಲೊಂದರ ಪರವಾಗಿ ಗಿರಾಕಿ ಹುಡುಕಿಕೊಂಡು ಬಂದ ಮನುಷ್ಯ. ಹಿಂದಿ ಮಾತಾಡುತ್ತಿದ್ದ. ವ್ಯಾಪಾರಕ್ಕೆ ಬಂದವನಾದ್ದರಿಂದ ಮ್ಯಾನೇಜರು ಏನೇ ಹೇಳಲಿ, ಹೌದು ಹೌದು ಎನ್ನುತ್ತಿದ್ದ. ಅಲ್ಲಿಯ ಪದ್ಧತಿಯಂತೆ ಕಾವಾ ಎಂಬ ಬೇರಿನ ಪುಡಿಯನ್ನು ನೀರಿಗೆ ಕಲಸಿ ನನಗೊಂದು ಬಟ್ಟಲು ಕೊಟ್ಟ. ಮಣ್ಣು ಕದಡಿದ ನೀರು! ನಮ್ಮ ಹೊಳೆಯದೇ ಬಣ್ಣ. ನನಗೆ ಧೈರ್ಯ ಬಂತು, ಒಂದೇ ಗುಟುಕಿಗೆ ಏರಿಸಿದೆ.

ಅವನು ಬಾಯಿ ತೆರೆದ, "ನಿಮ್ಮದು ಯಾವ ದ್ವೀಪ..." ನಾನು ಬಟ್ಟಲು ಚಾಚಿದೆ. ಮತ್ತೆ ಬಾಯಿ ತೆರೆದ. ಮತ್ತೆ ಚಾಚಿದೆ. ಕುಡಿಯುವವನನ್ನು ಪ್ರಶ್ನೆ ಕೇಳುವುದು ಯಾವ ದೇಶದಲ್ಲೂ ಮರ್ಯಾದೆಯಲ್ಲ. ಆದರೆ ಪುಡಿ ಮುಗಿಯಿತು. ಅಷ್ಟರಲ್ಲಿ ನನ್ನ ನಾಲಿಗೆ, ತುಟಿ ಎಲ್ಲ ಹಲ್ಲು ಕೀಳಿಸಿಕೊಂಡವರ ಹಾಗೆ ಜೋಮು ಹಿಡಿದು ಕಟ್ಟಿಗೆಯಾಗಿದ್ದವು. ತಾಲ್ಲೂಕಿನಲ್ಲೇ ದೊಡ್ಡ ಬಾಯಿ, ಒಂದು ಅಕ್ಷರ ಹೊರಡಲಿಲ್ಲ.

"ತೋರಿಸು ಮಾರಾಯ," ಎಂದರು ಮ್ಯಾನೇಜರು. ಗೋಡೆಯ ಮೇಲೆ ಪೆಸಿಫಿಕ್ ನಕ್ಷೆ. ಒದ್ದೆ ಬೆರಳು ಹೋಗಿ ನೀಲಿಯ ನಡುವೆ ಒಂಟಿಯಾಗಿದ್ದ ಒಂದು ಚುಕ್ಕೆಯ ಮೇಲೆ ನಿಂತಿತು.

ಅತಿಥಿ ಬಗ್ಗಿ ನೋಡಿದ. "ಓಹೋ, ಇದಾ? ಚಿಕ್ಕವನಿದ್ದಾಗ ಇಲ್ಲಿಗೆ ಮೀನು ಹಿಡಿಯಲು ಹೋಗುತ್ತಿದ್ದೆ. ನನ್ನ ಸೋದರತ್ತೆಯ ಮನೆ ಇಲ್ಲೇ."

ಬದುಕಿದೆ ಎಂದು ಬೆರಳು ತೆಗೆದೆ. ದ್ವೀಪ ಬೆರಳಿಗೆ ಅಂಟಿಕೊಂಡು ಬಂತು. ನೊಣ ಹಾಕಿದ ಕಲೆ.

ಅತಿಥಿ ನನ್ನ ಬೆರಳು ನೋಡಿದ. ನಾನು ಅವನ ಸೋದರತ್ತೆಯನ್ನು ನೆನೆದೆ. ಇಬ್ಬರೂ ಸಿಕ್ಕಿಬಿದ್ದಿದ್ದೆವು. ಅಷ್ಟರಲ್ಲಿ ಮ್ಯಾನೇಜರು ಕನ್ನಡಕ ಹಾಕಿಕೊಂಡು ಎದ್ದು ಬಂದರು. "ಎಲ್ಲುಂಟು? ಅಲ್ಲಿಗೂ ಒಂದು ಪ್ಯಾಕೇಜ್ ಮಾಡುವ." ನೀಲಿಯಲ್ಲೆಲ್ಲ ಹುಡುಕಿದರು. "ಇಲ್ಲಿ ಏನೂ ಇಲ್ವಲ್ಲ?"

ಮುಗಿಯಿತು, ಕ್ಯಾನ್ಸಲ್, ಎಂದುಕೊಂಡೆ. ಭಯಕ್ಕೆ ನನ್ನ ಕಣ್ಣಿಂದ ನೀರು ಇಳಿಯಿತು.

ಅತಿಥಿ ಗಂಟಲು ಸರಿಮಾಡಿಕೊಂಡ. "ಮುಳುಗಿಹೋಯಿತು ಸಾಹೇಬ್," ಎಂದ. "ಸಮುದ್ರ ಏರುತ್ತಿದೆಯಲ್ಲ. ಖಲಾಸ್."

ಮ್ಯಾನೇಜರು ನಕ್ಷೆ ನೋಡಿದರು, ನನ್ನ ಕಣ್ಣೀರು ನೋಡಿದರು, ಕನ್ನಡಕ ತೆಗೆದು ನನ್ನ ಹೆಗಲ ಮೇಲೆ ಕೈ ಇಟ್ಟರು.

"ಅಳಬೇಡ ಮಾರಾಯ. ಇನ್ನು ನಿನ್ನನ್ನು ಕ್ಯಾನ್ಸಲ್ ಮಾಡಿದ್ರೂ ಕಳಿಸುವುದಾದರೂ ಎಲ್ಲಿಗೆ?"